ಹದಿನಾಲ್ಕನೇ ಕೊಳವೆ

ನನ್ನ ನಂಬಿಕೆ ಅಂಕ ತೊಂಬತ್ತೆಂಟಕ್ಕೆ ಏರಿದ ಮರುದಿನ ಬೆಳಿಗ್ಗೆ ನಮ್ಮವ್ವನ ಮಗ್ಗದ ಕುಣಿಯಲ್ಲಿ ನೀರು ಕಾಣಿಸಿತು.

ಕುಣಿ ಮಗ್ಗ ನೋಡದವರಿಗಾಗಿ ಹೇಳುತ್ತೇನೆ. ನೇಯುವವರು ನೆಲದ ಅಂಚಿನಲ್ಲಿ ಕೂತು, ಕಾಲುಗಳನ್ನು ಮೊಣಕಾಲುದ್ದದ ಗುಂಡಿಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾ ಲಾಳಿ ಓಡಿಸುತ್ತಾರೆ. ಆ ಗುಂಡಿಯೇ ಕುಣಿ. ಕೆಂಗಲಗಟ್ಟಿಯ ನೇಕಾರ ಓಣಿಯ ಮುನ್ನೂರು ಮನೆಗಳಲ್ಲೂ ಒಂದೊಂದು ಕುಣಿಯಿತ್ತು. ಓಣಿಯ ಬೆನ್ನಿಗೇ ಹಳೆಯ ಕೆರೆಯ ಏರಿ. ನಮ್ಮ ಹಿತ್ತಲ ಬಾಗಿಲು ತೆಗೆದರೆ ಎದುರಿಗೆ ಮಣ್ಣಿನ ಗುಡ್ಡ, ಅದರ ಆಚೆ ಊರಿನಷ್ಟೇ ಅಗಲದ ನೀರು.

"ಕುಣ್ಯಾಗ ನೀರು ಬಂದಾವ ನೋಡು, ದ್ರಾಕ್ಷಿ," ಎಂದಳು ಅವ್ವ.

ನನ್ನ ಹೆಸರು ದ್ರಾಕ್ಷಾಯಣಿ. ಆಗ ಪಾಲಿಟೆಕ್ನಿಕ್ಕಿನ ಎರಡನೇ ವರ್ಷದಲ್ಲಿದ್ದೆ. ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ನನ್ನ ಅಂಕವನ್ನೇ ನೋಡಿಕೊಂಡು ಕೂತಿದ್ದವಳು, ತಲೆ ಎತ್ತದೆ, ಮಳೆ ನೀರಿರಬೇಕು ಎಂದೆ. ಎಂಟು ದಿನದ ಹಿಂದೆ ಕುಣಿ ಯಾಕೋ ತಣ್ಣಗಾಗಿದೆ ಎಂದು ಅವಳು ಹೇಳಿದಾಗಲೂ ಇದೇ ಉತ್ತರ ಕೊಟ್ಟಿದ್ದೆ.

"ಮಳಿ ನಿಂತು ಒಂಬತ್ತು ದಿನ ಆತು." ಅವ್ವ ಕಾಲನ್ನು ಮೇಲೆತ್ತಿ ತೋರಿಸಿದಳು. "ಮಳಿ ನೀರು ಹಿಂಗ ಕೆಂಪಗ ಇರ್ತಾವೇನು?"

ಅವಳ ಹಿಮ್ಮಡಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ನಾನು ಚಹಾದ ಲೋಟ ಕೆಳಗಿಟ್ಟೆ. ಏರಿಯ ಬುಡದಲ್ಲಿ ತಿಳಿ ನೀರು ಒಸರಿದರೆ ಅಷ್ಟು ಭಯವಿಲ್ಲ, ಬಣ್ಣದ ನೀರು ಬಂದರೆ ಒಳಗಿನ ಮಣ್ಣು ಕರಗಿ ಹೊರಗೆ ಹರಿಯುತ್ತಿದೆ ಎಂದರ್ಥ. ಇದು ನಮಗೆ ಕಿರುಪರೀಕ್ಷೆಯಲ್ಲಿ ಬಂದಿದ್ದ ಎರಡು ಅಂಕದ ಪ್ರಶ್ನೆ. ನಾನು ಎರಡಕ್ಕೆ ಎರಡು ತೆಗೆದಿದ್ದೆ.

ನಿನ್ನೆ ಸಂಜೆಯಷ್ಟೇ ಅವ್ವ ಏರಿಯ ಬಗ್ಗೆ ಕೇಳಿದ್ದಳು. ಗಟ್ಟಿಯಾಗಿದೆ, ದಿನಾ ಅಳೆಯುವವಳು ನಾನೇ ಅಲ್ಲವೇ ಎಂದು ಜಂಬದಿಂದ ಹೇಳಿದ್ದೆ. ಆ ಮಾತು ಅಪ್ಪಟ ಸುಳ್ಳಾಗಿತ್ತು.

ಅದು ಹಳೆಯ ಕೆರೆಗಳಿಗೆಲ್ಲ ಕಂಪ್ಯೂಟರಿನಲ್ಲಿ ಜೋಡಿ ಕಟ್ಟುತ್ತಿದ್ದ ಕಾಲ. ನಮ್ಮ ಏರಿಯ ಹೊಟ್ಟೆಗೆ ಉದ್ದಕ್ಕೂ ಇಪ್ಪತ್ತೆರಡು ಕಬ್ಬಿಣದ ಕೊಳವೆಗಳನ್ನು ಇಳಿಸಿದ್ದರು. ಏರಿಯ ಮಣ್ಣಿನಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿದೆಯೋ ಕೊಳವೆಯಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಮುಚ್ಚಳ ತೆಗೆದು, ತುದಿಗೆ ಗುಂಡು ಕಟ್ಟಿದ ಟೇಪು ಬಿಟ್ಟರೆ, ಗುಂಡು ನೀರಿಗೆ ತಾಗಿದಾಗ ಡುಬ್ ಎನ್ನುತ್ತದೆ. ಕೊಳವೆಯ ಬಾಯಿಯಿಂದ ಆರು ಮೀಟರ್ ಕೆಳಗೆ ಆ ಸದ್ದಾದರೆ ಏರಿ ಗಟ್ಟಿ. ಮೂರು ಮೀಟರಿಗಿಂತ ಮೇಲೆಯೇ ಆದರೆ ಏರಿ ನೀರು ಕುಡಿದು ಉಬ್ಬಿದೆ, ಯಾವಾಗ ಬೇಕಾದರೂ ಜಾರಬಹುದು.

ಸುತ್ತಲಿನ ಮೂರು ಕಾಲೇಜುಗಳ ಇಪ್ಪತ್ತೆರಡು ವಿದ್ಯಾರ್ಥಿಗಳಿಗೆ ತಲೆಗೊಂದು ಕೊಳವೆ ಹಂಚಿದ್ದರು. ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು, ಎಲ್ಲರಿಗೂ ಕಾಣುವ ಒಂದೇ ಕೂಡುಹಾಳೆಯಲ್ಲಿ ಅಂಕಿ ತುಂಬಬೇಕು. ಪಾಲಿಟೆಕ್ನಿಕ್ಕಿನ ನಿಗಾ ಕೋಣೆಯಲ್ಲಿದ್ದ ಕಂಪ್ಯೂಟರು ಆ ಅಂಕಿಗಳಿಂದ ತನ್ನೊಳಗೆ ಇನ್ನೊಂದು ಏರಿಯನ್ನು ಕಟ್ಟಿಕೊಂಡು, ನಾಲ್ಕು ದಿನ ಮುಂದೆ ಏನಾಗಬಹುದೆಂದು ನೋಡುತ್ತಿತ್ತು. ಅದೇ ಏರಿಯ ಜೋಡಿ. ಪರದೆ ಹಸಿರಿದ್ದರೆ ಕಾಲುವೆಯ ಗೇಟು ತೆಗೆದು ಕೆರೆ ತುಂಬಿಸಬಹುದು. ಕೆಂಪಾದರೆ ಗೇಟು ತಾನಾಗಿಯೇ ಬಂದ್, ಓಣಿಯಲ್ಲಿ ಸೈರನ್.

ಹುಡುಗರು ತಪ್ಪು ಬರೆಯುತ್ತಾರೆಂದು ಯಂತ್ರ ಮಾಡಿದವರಿಗೂ ಗೊತ್ತಿತ್ತು. ಹಾಗಾಗಿ ಪ್ರತಿಯೊಬ್ಬರಿಗೂ ನಂಬಿಕೆ ಅಂಕ. ಅಕ್ಕಪಕ್ಕದ ಕೊಳವೆಗಳಿಗೆ ನಿನ್ನ ಅಂಕಿ ಹೊಂದಿದರೆ ಅಂಕ ಏರುತ್ತದೆ, ಹೊಂದದಿದ್ದರೆ ಇಳಿಯುತ್ತದೆ. ಇಪ್ಪತ್ತಕ್ಕಿಂತ ಕೆಳಗಿಳಿದವರ ಅಂಕಿ ಹಾಳೆಯಲ್ಲಿ ಮಸುಕಾಗುತ್ತದೆ, ಜೋಡಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಇದನ್ನು ಮಾಡಿದ ಪುಣ್ಯಾತ್ಮರು ನಮ್ಮ ಕಡೆಯ ಪ್ರಯೋಗಶಾಲೆಗೆ ಯಾವತ್ತೂ ಬಂದವರಲ್ಲ.

ನಮ್ಮಲ್ಲಿ ವಿಜ್ಞಾನ ಓದಿದ ಯಾರನ್ನೇ ಕೇಳಿ, ಪ್ರಾಕ್ಟಿಕಲ್ ರೆಕಾರ್ಡ್ ಹೇಗೆ ಬರೆದಿರಿ ಎಂದು. ಮೊದಲು ಬರಬೇಕಾದ ಉತ್ತರ ತಿಳಿದುಕೊಳ್ಳುತ್ತೇವೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ ಅಳತೆಗಳನ್ನು ಬರೆಯುತ್ತೇವೆ. ಎಲ್ಲವೂ ಸರಿಯಾಗಿದ್ದರೆ ಮೇಷ್ಟ್ರಿಗೆ ಸಂಶಯ ಬರುತ್ತದೆಂದು ಒಂದೆರಡು ಕಡೆ ಸಣ್ಣ ತಪ್ಪನ್ನೂ ಹಾಕುತ್ತೇವೆ. ಅಣ್ಣಂದಿರು ಅಕ್ಕಂದಿರು ನಮಗೆ ಕಲಿಸಿದ್ದು ಇದನ್ನೇ, ಇದು ಮೋಸ ಎಂದು ಯಾರಿಗೂ ಅನಿಸಿರಲೇ ಇಲ್ಲ.

ನಾನು ಹದಿಮೂರನೇ ಕೊಳವೆಯ ಮುಚ್ಚಳ ತೆಗೆದು ಇಪ್ಪತ್ತಾರು ದಿನವಾಗಿತ್ತು. ಹಾಸಿಗೆಯಲ್ಲೇ ಕೂತು ಹನ್ನೆರಡರ ಅಂಕಿ ನೋಡಿ, ಹದಿನೈದರ ಅಂಕಿ ನೋಡಿ, ನಡುವಿನದೊಂದನ್ನು ಬರೆಯುತ್ತಿದ್ದೆ. ಒಂದು ದಿನ ಆರು ಪಾಯಿಂಟ್ ಎರಡು, ಮರುದಿನ ಆರು ಪಾಯಿಂಟ್ ಒಂದು. ಯಂತ್ರ ನನ್ನನ್ನು ಮೆಚ್ಚಿ ಮೆಚ್ಚಿ ತೊಂಬತ್ತೆಂಟಕ್ಕೆ ಏರಿಸಿತ್ತು. 'ಜವಾಬ್ದಾರಿಯುತ ಡಿಜಿಟಲ್ ನಾಗರಿಕತೆ' ಎಂಬ ಪತ್ರಿಕೆಯಲ್ಲೂ ತರಗತಿಗೆ ನಾನೇ ಮೊದಲು. ಒಂಬತ್ತು ಅಂಶಗಳನ್ನು ಬಾಯಿಪಾಠ ಮಾಡಿ ಬರೆದಿದ್ದೆ.

ನಡುವೆ ಹದಿನಾಲ್ಕನೇ ಕೊಳವೆ ಯಾಕೆ ಬಿಟ್ಟೆ ಎಂದರೆ, ಅದು ಮಸುಕಾಗಿತ್ತು. ಅದರ ಹುಡುಗಿ ಹುಲಿಗೆಮ್ಮ ಬೇರೆ ಕಾಲೇಜಿನವಳು, ನಾನು ಮುಖ ನೋಡಿದವಳಲ್ಲ. ಮೊದಲ ವಾರವೇ ಅವಳ ಅಂಕಿಗಳು ಐದು ಪಾಯಿಂಟ್ ಒಂಬತ್ತು, ಐದು ಪಾಯಿಂಟ್ ಆರು ಎಂದು ಇಳಿಯತೊಡಗಿದವು. ಪಕ್ಕದಲ್ಲಿರುವ ನನ್ನ ಅಂಕಕ್ಕೂ ಅದರಿಂದ ಪೆಟ್ಟು. ಸಿಟ್ಟು ಬಂದು, ಮೂರೂ ಕಾಲೇಜಿನವರೆಲ್ಲ ಓದುವ ಟಿಪ್ಪಣಿ ಜಾಗದಲ್ಲಿ, 'ಹುಲಿಗೆಮ್ಮ, ಟೇಪು ತಲೆಕೆಳಗೆ ಹಿಡಿದಿದ್ದೀಯೇನು?' ಎಂದು ಬರೆದೆ. ಅದರ ಕೆಳಗೆ ನಲವತ್ತಮೂರು ನಗುವ ಮುಖಗಳು ಬಿದ್ದವು. ಅವಳು ಉತ್ತರ ಕೊಡಲಿಲ್ಲ. ಅವಳ ಅಂಕ ಹನ್ನೊಂದಕ್ಕೆ ಇಳಿಯಿತು, ನಾನು ಅವಳನ್ನು ಮರೆತೆ.

ಅವ್ವನ ಕೆಂಪು ಪಾದ ನೋಡಿದ ಮೇಲೆ ಟೇಪು ಹುಡುಕಿಕೊಂಡು ಏರಿ ಹತ್ತಿದೆ. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಕುಟ್ಟಿ ಕುಟ್ಟಿ ಬೆರಳು ಜಜ್ಜಿಕೊಂಡು ಅಂತೂ ತೆಗೆದೆ. ಗುಂಡನ್ನು ಇಳಿಬಿಟ್ಟು ಆರು ಮೀಟರಿಗೆ ಕಾಯುತ್ತಿದ್ದವಳಿಗೆ ಕೈ ಇನ್ನೂ ಸರಿಯಾಗಿ ಚಾಚುವ ಮೊದಲೇ ಡುಬ್ ಎಂದಿತು. ಎರಡು ಪಾಯಿಂಟ್ ಒಂದು. ಮತ್ತೆ ಬಿಟ್ಟೆ, ಅದೇ. ಮೂರನೇ ಸಲವೂ ಅದೇ.

ಅಲ್ಲೇ ಕುಕ್ಕರಿಸಿ ಮೊಬೈಲಿನಲ್ಲಿ ಹದಿನಾಲ್ಕನೇ ಕೊಳವೆಯ ಮಸುಕು ಸಾಲನ್ನು ತೆರೆದೆ. ಹುಲಿಗೆಮ್ಮ ನಿಲ್ಲಿಸಿರಲಿಲ್ಲ. ಯಾರೂ ಓದದ, ಯಂತ್ರವೂ ಎಣಿಸದ ಆ ಸಾಲಿನಲ್ಲಿ ದಿನವೂ ಎಂಟು ಗಂಟೆಗೆ ಅಂಕಿ ಬರೆದಿದ್ದಳು. ಐದು, ನಾಲ್ಕು ಪಾಯಿಂಟ್ ಮೂರು, ಮೂರು ಪಾಯಿಂಟ್ ನಾಲ್ಕು. ಪ್ರತಿ ಅಂಕಿಯ ಪಕ್ಕ ಒದ್ದೆ ಟೇಪಿನ ಒಂದು ಫೋಟೋ. ಅಂದು ಬೆಳಿಗ್ಗೆ ಬರೆದದ್ದು ಎರಡು ಪಾಯಿಂಟ್ ಮೂರು.

ಅಂದು ಹನ್ನೊಂದು ಗಂಟೆಗೆ ಕಾಲುವೆಯ ಗೇಟು ತೆಗೆಯುವುದೆಂದು ನಿಗದಿಯಾಗಿತ್ತು. ಕೆರೆಗೆ ಇನ್ನೂ ಎರಡು ಅಡಿ ನೀರು ಬರುವುದಿತ್ತು.

ಸೈಕಲ್ ತುಳಿದು ನಿಗಾ ಕೋಣೆ ಮುಟ್ಟಿದಾಗ ಹತ್ತು ಗಂಟೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಏರಿ. ಉಸ್ತುವಾರಿಯ ಅನಸೂಯಾ ಮೇಡಂ ಡಬ್ಬಿ ತೆಗೆದು ಅವಲಕ್ಕಿ ತಿನ್ನುತ್ತಿದ್ದರು. ನಾನು ಏನೂ ಹೇಳದೆ ಎರಡು ಪಾಯಿಂಟ್ ಒಂದು ಎಂದು ತುಂಬಿದೆ. ಯಂತ್ರ ಒಂದು ಕ್ಷಣ ತಡೆದು, 'ನೆರೆಯ ಕೊಳವೆಗಳಿಗೆ ಹೊಂದುತ್ತಿಲ್ಲ' ಎಂದು ತೋರಿಸಿ ನನ್ನ ಅಂಕವನ್ನು ಎಪ್ಪತ್ತೊಂದಕ್ಕೆ ಇಳಿಸಿತು. ಏರಿ ಹಸಿರಾಗಿಯೇ ಇತ್ತು. ನಾನು ಇಪ್ಪತ್ತಾರು ದಿನ ಬರೆದ ಸುಳ್ಳೇ ಇವತ್ತಿನ ನಿಜವನ್ನು ತಳ್ಳಿಹಾಕುತ್ತಿತ್ತು.

ಮೇಡಂ ಡಬ್ಬಿ ಮುಚ್ಚಿಟ್ಟು ನನ್ನ ಜಜ್ಜಿದ ಬೆರಳು ನೋಡಿದರು. ಆಮೇಲೆ ಮುಖ ನೋಡಿದರು.

"ಖರೇ ಹೇಳು. ಇಷ್ಟು ದಿನ ಮುಚ್ಚಳ ತಗದಿದ್ದಿಯೋ, ಇಲ್ಲೋ?"

"ಇಲ್ರಿ ಮೇಡಂ."

ಅವರು ಬೈಯಲಿಲ್ಲ. ತಕ್ಷಣ ಗೇಟಿನವರಿಗೆ ಫೋನ್ ಹಚ್ಚಿದರು. ಹೋದ ವರ್ಷ ಯಾರದೋ ಫೋನಿನ ಮಾತು ನಂಬಿ ನೀರು ನಿಲ್ಲಿಸಿ, ಅದು ಗಾಳಿಸುದ್ದಿ ಎಂದು ಗೊತ್ತಾಗಿ ಗೇಟಿನವರು ಛೀಮಾರಿ ಹಾಕಿಸಿಕೊಂಡಿದ್ದರಂತೆ. ಅಂದಿನಿಂದ ಪರದೆ ಹೇಳಿದ್ದಷ್ಟೇ ಕೇಳುವುದಂತೆ. ಪರದೆ ಹಸಿರಿದೆಯಲ್ಲ ಮೇಡಂ ಎಂದು ಆ ಮನುಷ್ಯ ಮರ್ಯಾದೆಯಿಂದಲೇ ಫೋನ್ ಇಟ್ಟ.

ಮೇಡಂ ಫೋನ್ ಹಿಡಿದುಕೊಂಡೇ ಪರದೆಯತ್ತ ನಡೆದರು. ಹನ್ನೆರಡು, ಹದಿನೈದು, ಹದಿನಾರು, ಒಂಬತ್ತು, ಎಲ್ಲವೂ ಆರರ ಆಚೀಚೆ. ಇಷ್ಟು ನೀಟಾಗಿ ಮಣ್ಣು ನಡೆದುಕೊಳ್ಳುವುದಿಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆಗ ನನಗೂ ಹೊಳೆಯಿತು. ನಾನು ಹನ್ನೆರಡನ್ನು ನೋಡಿ ಬರೆಯುತ್ತಿದ್ದೆ, ಹನ್ನೆರಡರ ವಿನುತಾ ಯಾರನ್ನು ನೋಡಿ ಬರೆಯುತ್ತಿದ್ದಳು? ನನ್ನನ್ನೇ. ಹದಿನೈದರವನು? ಅವನೂ ನನ್ನನ್ನೇ. ತೊಂಬತ್ತೆಂಟು ಅಂಕದವಳ ಅಂಕಿ ಅಲ್ಲವೇ! ನಾವೆಲ್ಲ ಒಬ್ಬರ ರೆಕಾರ್ಡು ಇನ್ನೊಬ್ಬರು ನೋಡಿ ಬರೆದಿದ್ದೆವು, ಏರಿಯನ್ನು ಮಾತ್ರ ಯಾರೂ ನೋಡಿರಲಿಲ್ಲ.

ಕೂಡುಹಾಳೆಯಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಹೇಗೋ ಹಾಗೆ, ತಪ್ಪಿನ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೆಸರು ಹಾಕಬೇಕು. ಕೆಳಗಿನದು ಓದಲು ಬರುವಂತಿರಬೇಕು. ಎಳೆದ ಪ್ರತಿ ಗೆರೆಗೂ ನಾಲ್ಕು ಅಂಕ ಕಡಿತ. ನಾನು ಇಪ್ಪತ್ತಾರು ಗೆರೆ ಎಳೆದರೆ ನನ್ನ ಅಂಕ ಸೊನ್ನೆಯಾಗುತ್ತದೆ, ಆಗ ನನ್ನ ಇಂದಿನ ನಿಜವೂ ಮಸುಕಾಗುತ್ತದೆ. ಎಳೆಯದಿದ್ದರೆ ಸುಳ್ಳು ಉಳಿಯುತ್ತದೆ. ನಾನೊಬ್ಬಳೇ ಎಳೆದರೂ ಹನ್ನೆರಡು ಹದಿನೈದುಗಳ ಸುಳ್ಳು ಉಳಿದೇ ಉಳಿಯುತ್ತದೆ.

"ಎಲ್ಲಾರೂ ಎಳದರ?" ಎಂದು ಮೇಡಂ ಅವರನ್ನು ಕೇಳಿದೆ.

ಅವರು ಹದಿನಾಲ್ಕರ ಮಸುಕು ಸಾಲಿನ ಮೇಲೆ ಬೆರಳಿಟ್ಟರು. ಸುತ್ತಲಿನ ಸುಳ್ಳುಗಳೆಲ್ಲ ಹಿಂದೆ ಸರಿದರೆ ಈ ಹುಡುಗಿಗೆ ಎದುರಾಡುವ ಅಂಕಿಯೇ ಇರುವುದಿಲ್ಲ, ಯಂತ್ರ ಇವಳ ಅಂಕವನ್ನು ಮೊದಲಿನಿಂದ ಮರುಲೆಕ್ಕ ಮಾಡುತ್ತದೆ ಎಂದರು. ಎಷ್ಟು ಮಂದಿ ಎಳೆದರೆ ಸಾಕು ಎಂದು ಅವರಿಗೂ ಗೊತ್ತಿರಲಿಲ್ಲ.

ಗೆರೆ ಎಳೆಯುವ ಮೊದಲು ಅವ್ವನಿಗೆ ಫೋನ್ ಮಾಡಿ, ತಕ್ಷಣ ಓಣಿ ಬಿಟ್ಟು ಹೈಸ್ಕೂಲಿನ ದಿಬ್ಬಕ್ಕೆ ಹೋಗು ಎಂದೆ. ಫೋನಿನಲ್ಲಿ ಲಾಳಿಯ ಸದ್ದು ಕೇಳುತ್ತಲೇ ಇತ್ತು. ಸೀರೆ ಮಗ್ಗದ ಮೇಲಿದ್ದಾಗ ಎಳೆ ಕೊಯ್ದು ಏಳುವವಳಲ್ಲ ಅವಳು.

"ಸೆರಗು ಇನ್ನೊಂದು ಗೇಣು ಉಳದೈತಿ, ಮುಗಿಸಿ ಬರ್ತೀನಿ. ಏರಿ ಗಟ್ಟಿ ಐತಿ ಅಂತ ನಿನ್ನೆ ನೀನ ಹೇಳಿದ್ದೆಲ್ಲ."

"ಸುಳ್ಳು ಹೇಳಿದ್ದೆ ಯವ್ವಾ. ನಾ ಅಳದ ಇಲ್ಲ."

ಲಾಳಿಯ ಸದ್ದು ನಿಂತಿತು. ಫೋನ್ ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ.

ಹತ್ತು ಇಪ್ಪತ್ತಕ್ಕೆ ಗೆರೆ ಎಳೆಯತೊಡಗಿದೆ. ತೊಂಬತ್ತೆಂಟು ಆಗಲು ತಿಂಗಳು ಹಿಡಿದಿತ್ತು, ಸೊನ್ನೆ ಆಗಲು ಮೂರು ನಿಮಿಷ ಸಾಕಾಯಿತು. ನನ್ನ ಸಾಲು ಕಣ್ಣೆದುರೇ ಮಸುಕಾಯಿತು. ಟಿಪ್ಪಣಿಯಲ್ಲಿ ಬರೆದೆ: 'ನಾನು ಹದಿಮೂರನೇ ಕೊಳವೆಯ ದ್ರಾಕ್ಷಾಯಣಿ. ಇಪ್ಪತ್ತಾರು ದಿನ ಮುಚ್ಚಳ ತೆಗೆಯದೆ ನಿಮ್ಮ ಅಂಕಿ ನೋಡಿ ಬರೆದೆ. ಇವತ್ತು ಅಳೆದೆ, ಎರಡು ಪಾಯಿಂಟ್ ಒಂದು. ನಮ್ಮವ್ವನ ಮಗ್ಗದ ಕುಣಿಯಲ್ಲಿ ಕೆಂಪು ನೀರು ಬಂದಿದೆ. ನೀವು ನಿಜವಾಗಿ ಅಳೆದಿದ್ದರೆ ನಿಮ್ಮ ಅಂಕಿ ಇರಲಿ. ನನ್ನ ಹಾಗೆ ಬರೆದಿದ್ದರೆ ಹನ್ನೊಂದರೊಳಗೆ ಗೆರೆ ಎಳೆಯಿರಿ.'

ಮೊದಲ ಉತ್ತರ ಎರಡೇ ನಿಮಿಷದಲ್ಲಿ ಬಂತು. 'ಟೇಪು ತಲೆಕೆಳಗೆ ಹಿಡಿದಿದ್ದೀಯೇನು?' ಅದರ ಕೆಳಗೆ ಏಳು ನಗುವ ಮುಖಗಳು. ನನ್ನ ಮಾತು ನನಗೇ ತಿರುಗಿ ಬಂದಿತ್ತು. ಅಲ್ಲಿಂದ ಎದ್ದು ಓಡಿಹೋಗಬೇಕು ಅನಿಸಿತು.

ಹತ್ತು ಮೂವತ್ತೆರಡಕ್ಕೆ ವಿನುತಾಳ ಸಾಲಿನಲ್ಲಿ ಒಂದು ಗೆರೆ ಬಿತ್ತು. ಆಮೇಲೆ ಇನ್ನೊಂದು. ಹತ್ತೊಂಬತ್ತು ಗೆರೆ ಎಳೆದು ಅವಳೂ ಮಸುಕಾದಳು. ಹದಿನೈದರವನು ಎರಡು ಗೆರೆ ಎಳೆದು ನಿಲ್ಲಿಸಿಬಿಟ್ಟ. ಮೇಡಂ ಅವನಿಗೆ ಫೋನ್ ಮಾಡಿ ಬೈಯಲಿಲ್ಲ, ಬೆದರಿಸಲಿಲ್ಲ, ನಿನ್ನ ಅಂಕಕ್ಕೆ ನಾನು ಹೊಣೆ ಅಲ್ಲ, ಆದರೆ ಓಣಿಯಲ್ಲಿ ಮುನ್ನೂರು ಮನೆ ಇವೆ ಎಂದಷ್ಟೇ ಹೇಳಿದರು. ಅವನು ಮತ್ತೆ ಎಳೆಯತೊಡಗಿದ. ಐದು, ಎಂಟು, ಒಂಬತ್ತನೆಯ ಕೊಳವೆಗಳು. ಹತ್ತು ಐವತ್ತಕ್ಕೆ ಹದಿಮೂರು ಮಂದಿ. ಏರಿ ಹಸಿರೇ ಇತ್ತು. ನಾನು ಅವ್ವನಿಗೆ ಆರನೇ ಸಲ ಫೋನ್ ಮಾಡಿದೆ.

ಹತ್ತು ಐವತ್ತೈದಕ್ಕೆ ಮಸುಕಾದವರು ಹದಿನೇಳು ಮಂದಿಯಾದರು. ಮರುಲೆಕ್ಕದ ಚಕ್ರ ಪರದೆಯ ಮೇಲೆ ತಿರುಗತೊಡಗಿತು. ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಉಗುರು ಮಾತ್ರ ನನಗೆ ಚುಚ್ಚುತ್ತಿತ್ತು. ಹದಿನಾಲ್ಕನೇ ಸಾಲಿನ ನಂಬಿಕೆ ಅಂಕ ಹನ್ನೊಂದರಿಂದ ಇಪ್ಪತ್ತಾಯಿತು, ಐವತ್ತಾಯಿತು. ಅವಳ ಅಂಕಿಗಳು ಒಂದೊಂದಾಗಿ ಕಪ್ಪಗೆ ಮೂಡಿದವು. ಹತ್ತು ಐವತ್ತೆಂಟಕ್ಕೆ ಏರಿಯ ನಡುಭಾಗ, ಸರಿಯಾಗಿ ನಮ್ಮ ಓಣಿಯ ಹಿಂದೆ, ಕೆಂಪಾಯಿತು. ಕಿಟಕಿಯಾಚೆ ದೂರದಲ್ಲಿ ಸೈರನ್ ಕೂಗತೊಡಗಿತು.

ಗೇಟು ತೆರೆಯಲಿಲ್ಲ. ತೂಬು ತೆಗೆದು ಕೆರೆಯ ನೀರನ್ನು ಹಳ್ಳಕ್ಕೆ ಬಿಟ್ಟರು. ಮಧ್ಯಾಹ್ನ ಒಂದೂವರೆಗೆ ಏರಿಯ ಹೊರಮೈ ಮುನ್ನೂರು ಅಡಿ ಉದ್ದಕ್ಕೆ ಜಾರಿ ಹದಿನಾಲ್ಕು ಮನೆಗಳ ಮೇಲೆ ಕೂತಿತು. ಒಳಮೈ ತಡೆಯಿತು. ಇನ್ನೆರಡು ಅಡಿ ನೀರು ಹೆಚ್ಚಿದ್ದರೆ ತಡೆಯುತ್ತಿರಲಿಲ್ಲ ಎಂದು ಆಮೇಲೆ ಬಂದವರು ಹೇಳಿದರು. ನಮ್ಮ ಮಗ್ಗ ಮಣ್ಣಿನಡಿ ಹೋಯಿತು. ಮನುಷ್ಯರು ಯಾರೂ ಸಾಯಲಿಲ್ಲ.

ಅವ್ವ ಹೈಸ್ಕೂಲಿನ ಜಗುಲಿಯ ಮೇಲೆ ಸಿಕ್ಕಳು. ಎಳೆ ಕೊಯ್ದ ಅರ್ಧ ಸೆರಗಿನ ಸೀರೆ ತೊಡೆಯ ಮೇಲಿತ್ತು. ನಾನು ಅವಳನ್ನು ಅಪ್ಪಿಕೊಂಡು ಅತ್ತೆ. ಸೈರನ್ನಿಗೂ ಮೊದಲೇ ಅವಳು ಮನೆ ಬಿಟ್ಟಿದ್ದಳಂತೆ, ಫೋನು ಒಲೆಯ ಕಟ್ಟೆಯ ಮೇಲೆ ಮರೆತು, ಹನ್ನೆರಡು ಬಾಗಿಲು ಬಡಿದು ಆ ಮಂದಿಯನ್ನೂ ಎಬ್ಬಿಸಿಕೊಂಡು ಬಂದಿದ್ದಳಂತೆ. ಯಂತ್ರವೇ ನಂಬದ ನನ್ನ ಮಾತನ್ನು ಹೇಗೆ ನಂಬಿದೆ ಎಂದು ಕೇಳಿದೆ.

"ಸುಳ್ಳು ಹೇಳಿದ್ದೆ ಅಂದೆಲ್ಲ," ಎಂದಳು. "ಅದು ಖರೇ ಅನಸ್ತು."

ಮೂರು ದಿನ ಬಿಟ್ಟು ಏರಿಗೆ ಹೋದೆ. ನಮ್ಮ ಅಂಕಗಳೆಲ್ಲ ಸೊನ್ನೆಯಾಗಿದ್ದವು, ಕೊಳವೆ ಅಳೆದವರಿಗೆ ಕೊಡುವ ಆ ವರ್ಷದ ಪ್ರಮಾಣಪತ್ರ ಹದಿನೇಳು ಮಂದಿಗೂ ಇಲ್ಲ ಎಂದು ಆದೇಶ ಬಂದಿತ್ತು. ಹದಿಮೂರನೇ ಕೊಳವೆಯಿಂದ ಹದಿನಾಲ್ಕಕ್ಕೆ ಬರೀ ತೊಂಬತ್ತು ಹೆಜ್ಜೆ. ಅಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳು ಸೊಂಟಕ್ಕೆ ದುಪಟ್ಟಾ ಬಿಗಿದುಕೊಂಡು ಟೇಪು ಒರೆಸುತ್ತಿದ್ದಳು. ನಾನು ದಿನಾ ಬಂದಿದ್ದರೆ ದಿನಾ ಅವಳ ಮುಖ ನೋಡುತ್ತಿದ್ದೆ.

ಹೆಸರು ಹೇಳಿದೆ. ತಪ್ಪಾಯಿತು ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳು ಅಷ್ಟಕ್ಕೇ ಮುಗಿದುಹೋದವು. ಓಣಿ ಉಳಿದದ್ದು ನಿನ್ನಿಂದ ಎಂದೂ ಸೇರಿಸಿದೆ. ಹುಲಿಗೆಮ್ಮ ಟೇಪು ಸುತ್ತುತ್ತಲೇ ಇದ್ದಳು.

"ಸುಳ್ಳು ಅಳತಿಗೆಲ್ಲಾ ಗೆರಿ ಎಳದ್ರಿ, ನೋಡಿದೆ," ಎಂದಳು ಕೊನೆಗೆ. "ನಲವತ್ಮೂರು ಮಂದಿ ನಕ್ಕಿದ್ದು ಇನ್ನೂ ಹಂಗ ಐತಿ."

ಆ ಮಾತಿಗೂ ಗೆರೆ ಎಳೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಇಪ್ಪತ್ತಾರು ತಪ್ಪುಗಳನ್ನು ಎಣಿಸಿ ಎಣಿಸಿ ಗೆರೆ ಎಳೆದವಳು ಇಪ್ಪತ್ತೇಳನೆಯದನ್ನು ಬಿಟ್ಟಿದ್ದೆ. ನಾಚಿಕೆಯಿಂದ ಸತ್ತಂತಾಯಿತು. ಮೊಬೈಲು ತೆಗೆದು, ಮೇಡಂ ಅವರಿಗೆ ಹೇಳಿ ಆ ಟಿಪ್ಪಣಿಯನ್ನು ಪೂರ್ತಿ ತೆಗೆಸುತ್ತೇನೆ ಎಂದೆ.

"ತಗಸಬ್ಯಾಡ. ಅಳತಿಗೆ ಎಳದಂಗ ಒಂದ ಗೆರಿ ಎಳಿ. ಕೆಳಗಿಂದು ಓದಾಕ ಬರಬೇಕು."

ಅವಳು ನೋಡುತ್ತಿದ್ದಂತೆ ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಪೂರ್ತಿ ಹೆಸರು ಹಾಕಿದೆ. ಕಡಿಯಲು ನನ್ನಲ್ಲಿ ಅಂಕವೇ ಉಳಿದಿರಲಿಲ್ಲ. ಹುಲಿಗೆಮ್ಮ ಅದನ್ನು ಓದಿ, ಮೊಬೈಲು ವಾಪಸ್ಸು ಕೊಟ್ಟು, ಕೊಳವೆಯ ಮುಚ್ಚಳ ತೆಗೆದಳು. ಆಮೇಲೆ ಟೇಪಿನ ಗುಂಡನ್ನು ನನ್ನ ಕೈಗಿಟ್ಟಳು.

"ನೀ ಬಿಡು," ಎಂದಳು. "ನಾ ಓದ್ತೀನಿ."